ವೈಸರ್ ಹಾಕಿಸಿದ್ದೀರಿ, ಇನ್ನು ಎರಡು ದಿನ ಗ್ಲಾಸ್ ಮುಟ್ಟಬೇಡಿ

ಗ್ಲಾಸ್ ಕೆಟ್ಟಿದೆ ಎಂದು ನಮ್ಮ ಅಂಗಡಿಗೆ ಬರುವ ಎಷ್ಟೋ ಪಿಕಪ್‌ಗಳಲ್ಲಿ ಗ್ಲಾಸ್ ಕೆಟ್ಟಿರುವುದೇ ಇಲ್ಲ. ಹಿಂದಿನ ದಿನ ಎಲ್ಲೋ ವೈಸರ್, ಅಂದರೆ ಬಾಗಿಲ ಗ್ಲಾಸಿನ ಮೇಲಂಚಿಗೆ ಮಳೆ ಬಿಸಿಲು ತಡೆಯಲು ಕೂರಿಸುವ ಪಟ್ಟಿ, ಹಾಕಿಸಿರುತ್ತಾರೆ, ಅಷ್ಟೇ.

"ಅಣ್ಣಾ, ಗ್ಲಾಸ್ ಮ್ಯಾಲೆ ಹೋಗಿ ತಾನ ಕೆಳಗ ಬರಾಕತ್ತೈತಿ. ಮೋಟರ್ ಹೋಗೈತೇನು?"

ಹೋಗಿಲ್ಲಪ್ಪಾ. ನೀನು ಹೀಗೇ ಸ್ವಿಚ್ ಒತ್ತುತ್ತಾ ಇದ್ದರೆ ಸಂಜೆಯೊಳಗೆ ಹೋಗುತ್ತದೆ.

ವೈಸರ್ ಬೇಡ ಎನ್ನುವವನಲ್ಲ ನಾನು. ಬಳ್ಳಾರಿ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಗ್ಲಾಸ್ ಎರಡು ಬೆರಳು ಇಳಿಸಿಟ್ಟರೂ ಕ್ಯಾಬಿನ್‌ನ ಕಾದ ಗಾಳಿ ಹೊರಗೆ ಹೋಗುತ್ತದೆ, ಮಳೆ ಬಂದರೆ ಸೀಟು ನೆನೆಯುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ, ನಿಜ. ಸಂಡೂರು, ತೋರಣಗಲ್ಲು ಕಡೆ ಓಡುವ ಹಳೇ ಗಾಡಿಗಳಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ವೈಸರ್‌ನಲ್ಲಿ ಎರಡು ಥರ. ಒಂದು, ಬಾಗಿಲ ಫ್ರೇಮಿನ ಹೊರಗೆ ಟೇಪಿನಿಂದ ಅಂಟಿಸುವುದು. ಇನ್ನೊಂದು, ಗ್ಲಾಸ್ ಓಡುವ ರಬ್ಬರ್ ಚಾನೆಲ್ ಒಳಗೇ ಕೂರಿಸುವುದು. ನೋಡಲು ಎರಡನೆಯದೇ ಚೆಂದ. ತಕರಾರು ಬರುವುದೂ ಅದರಿಂದಲೇ.

ಇದನ್ನು ದಿನಾ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಆ ಚಾನೆಲ್ ಮಾಡಿರುವುದು ಗ್ಲಾಸಿನ ದಪ್ಪಕ್ಕೆ ಮಾತ್ರ. ಅಲ್ಲಿ ವೈಸರ್‌ನ ಅಂಚನ್ನೂ ತುರುಕಿದರೆ ಜಾಗ ಬಿಗಿಯಾಗುತ್ತದೆ. ರಬ್ಬರ್ ಒಂಚೂರು ಅಮರಿ ಜಾಗ ಕೊಡಬೇಕು, ಅದಕ್ಕೆ ಹೊತ್ತು ಬೇಕು. ಗ್ಲಾಸ್ ಪೂರ್ತಿ ಏರಿಸಿಟ್ಟರೆ ಗ್ಲಾಸೇ ವೈಸರ್ ಅಂಚನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ನಮ್ಮ ಬಿಸಿಲು ಉಳಿದ ಕೆಲಸ ಮಾಡುತ್ತದೆ. ಕಡಿಮೆ ಎಂದರೂ ಒಂದು ದಿನ, ಎರಡು ದಿನ ಆದರೆ ಒಳ್ಳೆಯದು. ಅಲ್ಲಿವರೆಗೆ ಗ್ಲಾಸ್ ಇಳಿಸುವ ಹಾಗಿಲ್ಲ. "ಒಂದ್ಸಲ ನೋಡ್ತೀನಿ" ಅನ್ನುವುದೂ ಬೇಡ.

ನೋಡಿದರೆ ಏನಾಗುತ್ತದೆ? ಮಕ್ಕಳ ಕೈ ಸಿಕ್ಕರೆ ಗ್ಲಾಸ್ ತಾನೇ ವಾಪಸ್ ಇಳಿಯುವ ವ್ಯವಸ್ಥೆ ಈಗ ಕೆಲವು ಗಾಡಿಗಳಲ್ಲಿದೆ. ಇಳಿಸಿದ ಗ್ಲಾಸ್ ಮತ್ತೆ ಏರಿಸುವಾಗ ವೈಸರ್ ಬಿಗಿಯಾಗಿ ತಡೆದರೂ ಅದಕ್ಕೆ ಕೈ ಸಿಕ್ಕ ಹಾಗೇ ಲೆಕ್ಕ. ಗ್ಲಾಸ್ ಇಳಿಯುತ್ತದೆ. ನೀವು ಮತ್ತೆ ಒತ್ತುತ್ತೀರಿ, ಅದು ಮತ್ತೆ ಇಳಿಯುತ್ತದೆ. ಆ ವ್ಯವಸ್ಥೆ ಇಲ್ಲದ ಗಾಡಿಯಲ್ಲಿ ಮೋಟರ್ ಕಾದು ಸುಮ್ನೆ ನಿಂತುಬಿಡುತ್ತದೆ. ಆರಿದ ಮೇಲೆ ನಡೆಯುತ್ತದೆ, ಆದರೆ ಎಷ್ಟು ಸಲ ಅಂತ ತಡೆದೀತು? ಹ್ಯಾಂಡಲ್ ತಿರುಗಿಸುವ ಗಾಡಿಯಾದರೆ ನಮ್ಮವರ ತೋಳಿನ ಬಲಕ್ಕೆ ಹ್ಯಾಂಡಲಿನ ಹಲ್ಲೇ ಸವೆಯುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗಿ ಗ್ಲಾಸ್ ವಾಲಿತೋ, ಅಪಾಯ ಅಲ್ಲಿದೆ. ಬಾಗಿಲಿಗೆ ಹಾಕುವುದು ಟಫನ್ಡ್ ಗ್ಲಾಸ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಗಾಜಿನ ನಡುವೆ ಗುದ್ದಿದರೂ ತಡೆದೀತು, ಅಂಚಿಗೆ ಕಬ್ಬಿಣ ತಾಗಿದರೆ ಕಲ್ಲುಸಕ್ಕರೆ ಹಾಗೆ ಪುಡಿಯಾಗುತ್ತದೆ.

ಸಿರುಗುಪ್ಪ ಕಡೆಯ ಹುಡುಗನೊಬ್ಬ ಮೆಣಸಿನಕಾಯಿ ತುಂಬಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೊರಟವನು, ದಾರಿಯಲ್ಲಿ ನಮ್ಮಲ್ಲಿ ವೈಸರ್ ಹಾಕಿಸಿಕೊಂಡ. ಬಾಯಿ ತುಂಬ ಎಲೆ ಅಡಿಕೆ. ಇವನು ಗ್ಲಾಸ್ ಇಳಿಸದೆ ಇರುವವನಲ್ಲ ಎಂದು ನಾನೇ ಸ್ವಿಚ್ ಮೇಲೆ ಕರೀ ಟೇಪ್ ಸುತ್ತಿದೆ. "ಅಣ್ಣಾ, ಉಗುಳೋದೆಲ್ಲಿ?" ಅಂದ. ಗಾಡಿ ನಿಲ್ಲಿಸಿ ಬಾಗಿಲು ತೆಗೆದು ಉಗುಳು ಅಂದೆ. ಮಾಲು ಇಳಿಸಿ ವಾಪಸ್ ಬಂದಾಗಲೂ ಟೇಪ್ ಹಾಗೇ ಇತ್ತು. ಬಿಚ್ಚಬಹುದಾ ಎಂದು ಕೇಳಲೆಂದೇ ಗಾಡಿ ತಿರುಗಿಸಿಕೊಂಡು ಬಂದಿದ್ದ! ಅಂಥವರಿಗೆ ನಾನೇ ಚಹಾ ತರಿಸುತ್ತೇನೆ.

ಇನ್ನು ಕೆಲವರು ಬಿಗಿ ಆಯಿತೆಂದು ಚಾನೆಲ್‌ಗೆ ಎಂಜಿನ್ ಆಯಿಲ್ ಬಿಡುತ್ತಾರೆ. ದಯವಿಟ್ಟು ಬೇಡ. ರಬ್ಬರ್ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಮೇಲೆ ನಮ್ಮೂರ ಅದಿರಿನ ಕೆಂಪು ಧೂಳು. ಎಣ್ಣೆಗೆ ಅಂಟಿಕೊಂಡರೆ ಉಪ್ಪುಕಾಗದ ಇಟ್ಟ ಹಾಗೇ, ಗ್ಲಾಸ್ ಇಳಿದೇರಿದಂತೆಲ್ಲ ಉದ್ದುದ್ದ ಗೀರು. ವೈಸರ್ ಕೂರಿಸುವ ಮೊದಲು ಹಳೇ ಟೂತ್‌ಬ್ರಶ್‌ನಿಂದ ಚಾನೆಲ್ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸಿಲಿಕಾನ್ ಸ್ಪ್ರೇ ತೆಳ್ಳಗೆ ಹೊಡೆದರೆ ಸಾಕು.

ಟೇಪಿನ ವೈಸರ್‌ಗೆ ಇಷ್ಟು ಗೋಳಿಲ್ಲ. ಜಾಗ ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಲಿ, ಗಟ್ಟಿಯಾಗಿ ಒತ್ತಿ. ಒಂದು ದಿನ ವಾಟರ್ ವಾಶ್ ಬೇಡ. ಟೇಪಿನ ಅಂಟು ಪೂರ್ತಿ ಹಿಡಿಯಲು ಸುಮಾರು 72 ಗಂಟೆ ಬೇಕು. ಸಿಲಿಕಾನ್ ಸ್ಪ್ರೇ ಮಾತ್ರ ಆ ಜಾಗಕ್ಕೆ ತಾಗಬಾರದು, ತಾಗಿದರೆ ಹೆದ್ದಾರಿಯಲ್ಲಿ ವೈಸರ್ ಹಾರಿ ಹೋಗುತ್ತದೆ. ಎರಡರಲ್ಲಿ ಯಾವುದೇ ಇರಲಿ, ಡ್ರೈವರ್ ಕೂತು ಸೈಡ್ ಮಿರರ್ ಪೂರ್ತಿ ಕಾಣುತ್ತದಾ ನೋಡಿಯೇ ಕೂರಿಸಬೇಕು.

ಎರಡು ದಿನ ಕಾದ ಮೇಲೂ ಗ್ಲಾಸ್ ವಾಪಸ್ ಬರುತ್ತಿದ್ದರೆ ವೈಸರ್ ತೆಗೆದು ಏರಿಸಿ ನೋಡಿ. ಸರಿಯಾಗಿ ಏರಿತೆಂದರೆ ಆ ವೈಸರ್ ನಿಮ್ಮ ಗಾಡಿಗೆ ಹೊಂದುವುದಲ್ಲ, ಬಹುಶಃ ಬೇರೆ ಮಾಡೆಲಿನದು. ಆಗಲೂ ಏರದಿದ್ದರೆ ಗ್ಲಾಸ್ ಏರಿಸಿಳಿಸುವ ಮಷಿನ್ ನೋಡಬೇಕು, ಬಾಗಿಲ ಒಳಗಿನ ಪ್ಯಾಡ್ ಬಿಚ್ಚಬೇಕು. ಗಾಡಿ ನೋಡದೆ ಫೋನಿನಲ್ಲಿ ಇಷ್ಟೇ ಖರ್ಚು ಎಂದು ನಾನು ಹೇಳುವುದಿಲ್ಲ. ಬರುವುದಾದರೆ ಬೆಳಿಗ್ಗೆ ಎಂಟರೊಳಗೆ ಬನ್ನಿ, ಮಧ್ಯಾಹ್ನ ಆ ತಗಡು ಮುಟ್ಟಲಿಕ್ಕಾಗುವುದಿಲ್ಲ.