ಮುಖಬೆಲೆ

500 ರೂಪಾಯಿ ಮುಖಬೆಲೆಯ ನೋಟನ್ನು ಅಚ್ಚು ಹಾಕಲು ಎಷ್ಟು ಖರ್ಚಾಯಿತು ಎಂದು ಯಾರೂ ಕೇಳುವುದಿಲ್ಲ. ಪುಸ್ತಕದ ಮುಖಬೆಲೆಗೆ ಬಂದಾಗ ಮಾತ್ರ ಕೇಳುತ್ತೇವೆ. ಬೆಂಗಳೂರಿನ ಗಾಂಧಿಬಜಾರಿನ ಪುಸ್ತಕದಂಗಡಿಗಳಲ್ಲಿ ನಿಂತರೆ ದಿನಕ್ಕೊಮ್ಮೆಯಾದರೂ ಈ ಮಾತು ಕಿವಿಗೆ ಬೀಳುತ್ತದೆ: "160 ಪುಟಕ್ಕೆ ಇನ್ನೂರು ರೂಪಾಯಾ ಸಾರ್? ಜೆರಾಕ್ಸ್ ಮಾಡಿಸಿದ್ರೂ ಇದಕ್ಕಿಂತ ಕಡಿಮೆಗೆ ಬರುತ್ತಲ್ಲ!"

ಮುಖಬೆಲೆ ಅಂದರೆ ಪುಸ್ತಕದ ಮೇಲೆ ಅಚ್ಚಾದ ಬೆಲೆ, ಅಷ್ಟೇ. ಹೆಸರು 'ಮುಖ'ದ್ದಾದರೂ ಅದು ಇರುವುದು ಬೆನ್ನ ಕಡೆ, ಇಲ್ಲವೇ ಒಳಗಿನ ಎರಡನೇ ಪುಟದಲ್ಲಿ. ಆ ಎರಡನೇ ಪುಟವನ್ನು ಬಹಳ ಜನ ಓದುವುದಿಲ್ಲ. ಕನ್ನಡ ಪುಸ್ತಕಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಪ್ರತಿಗಳು 1000, ಪುಟಗಳು 160, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೊ, ಆಕಾರ ಡೆಮಿ 1/8. (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ; ಮ್ಯಾಪ್ಲಿಥೊ ಅಂದರೆ ಪುಸ್ತಕದ ಅಚ್ಚಿಗೆ ಬಳಸುವ ಬಿಳಿ ಕಾಗದ.) ಓದುಗನಿಗೆ ಇದರಿಂದ ಏನೂ ಆಗಬೇಕಿಲ್ಲ. ಗ್ರಂಥಾಲಯ ಇಲಾಖೆಗೆ ಬೇಕು. ಅದು ಪುಸ್ತಕವನ್ನು ಮುಖಬೆಲೆ ನೋಡಿ ಕೊಳ್ಳುವುದಿಲ್ಲ, ಪುಟಕ್ಕಿಷ್ಟು ಎಂದು ಸರ್ಕಾರ ಗೊತ್ತುಮಾಡಿದ ದರದಲ್ಲಿ ಕೊಳ್ಳುತ್ತದೆ.

ಆ 'ಡೆಮಿ 1/8' ಸ್ವಲ್ಪ ಬಿಡಿಸಿ ನೋಡುವಂಥದ್ದು. ಡೆಮಿ ಹಾಳೆ ಅಂದರೆ ಸುಮಾರು 18 ಅಂಗುಲಕ್ಕೆ 23 ಅಂಗುಲ. ಮೂರು ಸಲ ಮಡಿಸಿದರೆ ಎಂಟು ಎಲೆ, ಎರಡೂ ಬದಿ ಸೇರಿ 16 ಪುಟ. ಈ 16 ಪುಟದ ಕಂತೆಗೇ ಪ್ರೆಸ್ಸಿನವರು ಫಾರಂ ಎನ್ನುವುದು. 160 ಪುಟ ಅಂದರೆ ಹತ್ತು ಫಾರಂ, ಪ್ರತಿಗೆ ಹತ್ತು ಹಾಳೆ. ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ, ಅಂದರೆ ರೀಮಿಗೆ 500 ಹಾಳೆಯಂತೆ 20 ರೀಮು. 70 ಜಿಎಸ್‌ಎಂ ಕಾಗದವಾದರೆ ತೂಕ ಸುಮಾರು 187 ಕಿಲೋ. ಕಿಲೋಗೆ 90 ರೂಪಾಯಿ ಎಂದಿಟ್ಟುಕೊಂಡರೆ ಒಂದು ಪ್ರತಿಯ ಒಳಪುಟದ ಕಾಗದಕ್ಕೆ ಬೀಳುವುದು ಹೆಚ್ಚುಕಮ್ಮಿ 17 ರೂಪಾಯಿ.

ಹಾಗಾದರೆ ಉಳಿದ 183 ಎಲ್ಲಿ ಹೋಯಿತು?

ಅಂಗಡಿಯವರ ಕಮಿಷನ್‌ನಿಂದ ಶುರುಮಾಡಿ. ಮುಖಬೆಲೆಯ ಮೇಲೆ 35% ಎಂದುಕೊಳ್ಳೋಣ. ನಡುವೆ ವಿತರಕರು ಬಂದರೆ ಇನ್ನೂ ಮೇಲೇರುತ್ತದೆ. ಅಲ್ಲಿಗೆ 70 ಹೋಯಿತು. ಲೇಖಕರ ಗೌರವಧನ 10%, ಇಪ್ಪತ್ತು ರೂಪಾಯಿ. (ಅದನ್ನೂ ಪುಸ್ತಕದ ರೂಪದಲ್ಲೇ ಕೊಟ್ಟು ಕೈಮುಗಿಯುವವರಿದ್ದಾರೆ, ಆ ಮಾತು ಬೇಡ.) ಪ್ರಕಾಶಕನ ಕೈಗೆ ಬಂದದ್ದು 110. ಇದರಲ್ಲಿ ಕಾಗದಕ್ಕೆ 17. ಅಚ್ಚು, ರಕ್ಷಾಪುಟ, ಬೈಂಡಿಂಗು ಎಲ್ಲ ಸೇರಿ 35 ಎಂದಿಡಿ. ಇನ್ನು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ), ಕರಡು ತಿದ್ದುವವರು, ಮುಖಪುಟದ ಕಲಾವಿದರು, ಅಚ್ಚಿನ ಪ್ಲೇಟು. ಇದಕ್ಕೆ 30,000 ಹಿಡಿಯಿರಿ. ಈ ಖರ್ಚು ಒಂದೇ ಪ್ರತಿ ಅಚ್ಚಾಗಲಿ, ಹತ್ತು ಸಾವಿರ ಆಗಲಿ, ಬದಲಾಗುವುದಿಲ್ಲ. ಸಾವಿರಕ್ಕೆ ಹಂಚಿದರೆ ಪ್ರತಿಗೆ 30. ಒಟ್ಟು 82 ಖರ್ಚು, ಉಳಿಕೆ 28. ಪರವಾಗಿಲ್ಲ ಅನ್ನಿಸುತ್ತದೆ, ಸಾವಿರ ಪ್ರತಿಯೂ ಮಾರಾಟವಾದರೆ. ಆರುನೂರು ಹೋಗಿ ನಾನೂರು ಗೋದಾಮಿನಲ್ಲಿ ಗೆದ್ದಲಿಗೆ ಕಾದು ಕುಳಿತರೆ, ಬಂದದ್ದು 66,000, ಹಾಕಿದ್ದು 82,000.

ಗೆದ್ದಲಿಗೆ ಹೆದರಿ ಮುನ್ನೂರೇ ಅಚ್ಚು ಹಾಕಿಸುವವರು ಈಗ ಬಹಳ. ಆಗ ಅದೇ 30,000 ಮುನ್ನೂರಕ್ಕೆ ಹಂಚಿ ಪ್ರತಿಗೆ ನೂರಾಗುತ್ತದೆ. ಖರ್ಚು 152. ಕಮಿಷನ್, ಗೌರವಧನ ಕಳೆದು ಇಷ್ಟು ಕೈಗೆ ಬರಬೇಕಾದರೆ ಮುಖಬೆಲೆ 280ರ ಹತ್ತಿರ ಇರಲೇಬೇಕು, ಅದೂ ಲಾಭವಿಲ್ಲದೆ. ಬೆಲೆ ಜಾಸ್ತಿ ಎಂದು ಓದುಗರು ಕೊಳ್ಳುವುದಿಲ್ಲ, ಕೊಳ್ಳುವವರಿಲ್ಲವೆಂದು ಪ್ರತಿ ಕಡಿಮೆ, ಪ್ರತಿ ಕಡಿಮೆಯಾದ್ದರಿಂದ ಬೆಲೆ ಜಾಸ್ತಿ.

ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಆದರೆ ಕಾಗದಕ್ಕೆ ಇದೆ, ಅಚ್ಚಿನ ಕೆಲಸಕ್ಕೆ ಇದೆ. ಮಾರುವ ವಸ್ತುವಿಗೆ ತೆರಿಗೆಯಿಲ್ಲದ ಕಾರಣ ಕಟ್ಟಿದ ತೆರಿಗೆಯನ್ನು ಪ್ರಕಾಶಕ ವಾಪಸು ಹೊಂದಿಸಿಕೊಳ್ಳುವಂತಿಲ್ಲ. ಅದೂ ಮುಖಬೆಲೆಯೊಳಗೇ ಸೇರುತ್ತದೆ.

ಇನ್ನು ರಿಯಾಯಿತಿ. ನವೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ರಿಯಾಯಿತಿ ಮಾರಾಟ. ಕೊಳ್ಳುವವರು ಅದಕ್ಕೇ ಕಾಯುತ್ತಾರೆ, ಪ್ರಕಾಶಕರು ಅದಕ್ಕೆಂದೇ ಬೆಲೆಯನ್ನು ಒಂದಿಷ್ಟು ಏರಿಸಿಡುತ್ತಾರೆ. ಕನ್ನಡದಲ್ಲಿ ಮುಖಬೆಲೆ ಅನ್ನುವುದು ಕಡಿಯುವುದಕ್ಕೆಂದೇ ಬೆಳೆಸಿದ ಗಿಡವಾಗಿದೆ ಎಂದು ನನ್ನ ಅನುಮಾನ. ಪೂರ್ತಿ ಕೊಟ್ಟು ಕೊಳ್ಳುವ ಪಾಪದವನಿಗೇ ಪೆಟ್ಟು.

ಗ್ರಂಥಾಲಯಕ್ಕೆ ಮತ್ತೆ ಬರಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿರುತ್ತದೆ, ತೆರಿಗೆಯ 6%. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಸೆಸ್ಸಿನ ಸಾಲಿನಲ್ಲಿ ಸಿಗುತ್ತದೆ. ಹೀಗೆ ವಸೂಲಾದ ಹಣವನ್ನು ಪಾಲಿಕೆ ಇಲಾಖೆಗೆ ಸರಿಯಾಗಿ ದಾಟಿಸುವುದಿಲ್ಲ ಎಂಬ ದೂರು ಹಳೆಯದು. ಇಲಾಖೆ ಕೊಳ್ಳುತ್ತದೆಂದು ನಂಬಿ ಅಚ್ಚು ಹಾಕಿದವರಿಗೆ ಬಿಲ್ಲಿನ ಹಣ ಬರುವಷ್ಟರಲ್ಲಿ ಕಾಗದದ ಬೆಲೆ ಇನ್ನೊಂದು ಸುತ್ತು ಏರಿರುತ್ತದೆ.

ಮುಖಬೆಲೆಗೆ ಬೆಲೆಯೇ ಇಲ್ಲದ ಜಾಗವೂ ಇದೆ: ಅವೆನ್ಯೂ ರಸ್ತೆ. ಅಲ್ಲಿ ಹಳೇ ಪುಸ್ತಕ ರಾಶಿಯಲ್ಲಿ 'ಬೆಲೆ: ನಾಲ್ಕು ರೂಪಾಯಿ' ಎಂದು ಅಚ್ಚಾದ, ಮತ್ತೆ ಮುದ್ರಣವಾಗದ ಪುಸ್ತಕ ಸಿಕ್ಕಿ ನೀವು ಹಿಗ್ಗಿದ್ದು ಅಂಗಡಿಯವನಿಗೆ ಗೊತ್ತಾಯಿತೋ, ಮುಗಿಯಿತು. "ಇನ್ನೂರೈವತ್ತು ಕೊಡಿ ಸಾರ್, ಈ ಪುಸ್ತಕ ಎಲ್ಲೂ ಸಿಗಲ್ಲ."