ಟಾಮ್ ಎಲ್ಲಿಸನ್: ‘ಮೊದಲ ನಾಯಕ’ ಅಂದ್ರೆ ಯಾವ ಮೊದಲು?

ನ್ಯೂಜಿಲೆಂಡಿನ ಹಳೆಯ ರಗ್ಬಿ ಆಟಗಾರ ಎಲ್ಲಿಸನ್ ವಿಷಯದಲ್ಲಿ ನಿನ್ನೆ ರಾತ್ರಿಯಿಡೀ ತಲೆ ಕೆಡಿಸಿಕೊಂಡೆ. ಮರೆಯೋ ಮುಂಚೆ ಬರೆದಿಡುತ್ತೇನೆ.

ಜೀವನದ ವಿವರ ಸುಲಭ. ನ್ಯೂಜಿಲೆಂಡ್ ಇನ್ನೂ ಬ್ರಿಟಿಷ್ ವಸಾಹತಾಗಿದ್ದ ಕಾಲ. ಡುನೆಡಿನ್ ಹತ್ತಿರದ ಒಟಾಕೌ ಊರಿನ ಮಾವೊರಿ (ಅಲ್ಲಿನ ಮೂಲನಿವಾಸಿ) ಹುಡುಗ. ತೆ ಔತೆ ಕಾಲೇಜಿನಲ್ಲಿ ಓದು, ವೆಲ್ಲಿಂಗ್ಟನ್‌ನ ಪೊನೆಕೆ ಕ್ಲಬ್‌ನಲ್ಲಿ ರಗ್ಬಿ, ಆಮೇಲೆ ವಕೀಲಿಕೆ. 1904ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ.

ಈಗ ನಾನು ಎಡವಿದ ಜಾಗ. 1893ರ ನ್ಯೂಜಿಲೆಂಡ್ ತಂಡದ ನಾಯಕ ಎಲ್ಲಿಸನ್, ಅದೇ ‘ಮೊದಲ’ ತಂಡ ಅಂತ ಒಂದು ಕಡೆ ಇದೆ. ಇನ್ನೊಂದು ಕಡೆ 1884ರದ್ದು ಮೊದಲು, ನಾಯಕ ವಿಲಿಯಂ ಮಿಲ್ಟನ್ ಅಂತಿದೆ. ಇವೆರಡರ ನಡುವೆ 1888-89ರ ‘ನೇಟಿವ್ಸ್’ ತಂಡ (ಹೆಚ್ಚಿನವರು ಮಾವೊರಿ ಆಟಗಾರರು) ಬೇರೆ, ಅದರ ನಾಯಕ ಜೋ ವಾರ್‌ಬ್ರಿಕ್. ಈ ವಾರ್‌ಬ್ರಿಕ್ 1884ರ ತಂಡದಲ್ಲೂ ಇದ್ದ, ಎಲ್ಲಿಸನ್ ನೇಟಿವ್ಸ್‌ನಲ್ಲೂ ಆಡಿದ. ಗೊಂದಲ ಆಗದೆ ಇರುತ್ತಾ?

ನಾನು ಕಂಡುಕೊಂಡ ಉಪಾಯ: ಯಾರು ಮೊದಲು ಪ್ರವಾಸ ಹೋದರು ಅಂತ ಕೇಳಬೇಡಿ, ಯಾರು ಕಳಿಸಿದರು ಅಂತ ಕೇಳಿ. ದೇಶದ ರಗ್ಬಿ ಯೂನಿಯನ್, ಅಂದ್ರೆ ಆಟ ನಡೆಸುವ ಸಂಸ್ಥೆ, ಹುಟ್ಟಿದ್ದೇ 1892ರಲ್ಲಿ. ಅಂದ್ಮೇಲೆ 1884ರ ತಂಡವನ್ನು ಯೂನಿಯನ್ ಕಳಿಸೋಕೆ ಸಾಧ್ಯವೇ ಇಲ್ಲ. ನೇಟಿವ್ಸ್ ಅಂತೂ ಪೂರ್ತಿ ಖಾಸಗಿ ಪ್ರವಾಸ, ಒಟ್ಟು 107 ಪಂದ್ಯ! ಯೂನಿಯನ್ ತಾನೇ ಆರಿಸಿ ಕಳಿಸಿದ ಮೊದಲ ತಂಡ 1893ರದ್ದು. ಆಸ್ಟ್ರೇಲಿಯಾಕ್ಕೆ ಹೋದ ಆ ತಂಡದ ನಾಯಕ ನಮ್ಮ ಎಲ್ಲಿಸನ್. ಅದೇ ವರ್ಷ ಯೂನಿಯನ್ ಸಭೆಯಲ್ಲಿ ಕಪ್ಪು ಜೆರ್ಸಿ, ಬೆಳ್ಳಿ ಬಣ್ಣದ ಜರೀಗಿಡದ ಎಲೆ ಇರಲಿ ಅಂತ ಸೂಚಿಸಿದ್ದೂ ಇವನೇ. ನೇಟಿವ್ಸ್ ತೊಟ್ಟಿದ್ದ ಬಣ್ಣ ಹಾಗೆ ದೇಶದ ಬಣ್ಣವಾಯಿತು. ಆದರೆ ಚಡ್ಡಿ ಮಾತ್ರ ಆಗ ಬಿಳಿ.

ಚಡ್ಡಿ ಅಂದಾಗ ನೆನಪಾಯ್ತು. 1889ರ ಫೆಬ್ರವರಿ, ಲಂಡನ್‌ನ ಬ್ಲಾಕ್‌ಹೀತ್, ಇಂಗ್ಲೆಂಡ್ ವಿರುದ್ಧ ನೇಟಿವ್ಸ್ ಪಂದ್ಯ. ಎಲ್ಲಿಸನ್ ಹಿಡಿದೆಳೆದಾಗ ಇಂಗ್ಲೆಂಡಿನ ಆಟಗಾರ ಸ್ಟಾಡರ್ಟ್‌ನ ಚಡ್ಡಿ ಹರಿದೇ ಹೋಯಿತು. ಪಾಪ, ಮರ್ಯಾದೆ ಉಳಿಸೋಣ ಅಂತ ನೇಟಿವ್ಸ್ ಅವನ ಸುತ್ತ ಗುಂಪುಗಟ್ಟಿ ನಿಂತರು. ಅಷ್ಟರಲ್ಲಿ ಇಂಗ್ಲೆಂಡಿನ ಎವರ್ಶೆಡ್ ಚೆಂಡೆತ್ತಿಕೊಂಡು ಓಡಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸೋದು) ಹೊಡೆದ. ರೆಫರಿ ರೋಲಂಡ್ ಹಿಲ್ ಅದನ್ನು ಒಪ್ಪಿಬಿಟ್ಟರು. ಅವರೇ ಇಂಗ್ಲೆಂಡ್ ಯೂನಿಯನ್ನಿನ ಕಾರ್ಯದರ್ಶಿ! ಸಿಟ್ಟಾದ ಕೆಲವರು ಮೈದಾನ ಬಿಟ್ಟು ಹೊರನಡೆದರು. ನನಗಂತೂ ಅವರ ಸಿಟ್ಟು ಸರಿ ಅನ್ನಿಸುತ್ತದೆ.

ರಾಜಕೀಯ: ಎಲ್ಲಿಸನ್ ಸಂಸತ್ತಿನ ಸದರ್ನ್ ಮಾವೊರಿ ಸ್ಥಾನಕ್ಕೆ ನಿಂತ, ಗೆಲ್ಲಲಿಲ್ಲ. 1867ರ ಕಾಯ್ದೆ ಮಾವೊರಿಗಳಿಗೆ ನಾಲ್ಕೇ ಸ್ಥಾನ ಕೊಟ್ಟಿತ್ತು, ಇಡೀ ದಕ್ಷಿಣ ದ್ವೀಪಕ್ಕೆ ಇದೊಂದೇ. 1885ರಿಂದ 1911ರವರೆಗೆ ಅಲ್ಲಿನ ಸಂಸದ ತಾಮೆ ಪರಾಟ ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಗುಟ್ಟಿನ ಮತದಾನವೂ ಇರಲಿಲ್ಲ, ಮಾವೊರಿಗಳಿಗೆ ಅದು ಸಿಕ್ಕಿದ್ದು 1938ರ ಚುನಾವಣೆಯಲ್ಲಿ. ಯಾರ ಕಡೆ ಅಂತ ಎಲ್ಲರೆದುರೇ ತೋರಿಸಬೇಕು. ಊರ ಹಿರಿಯರು ನೋಡ್ತಾ ನಿಂತಿರುವಾಗ ಹೊಸ ಹುಡುಗನಿಗೆ ಕೈ ಎತ್ತೋದು ಅಷ್ಟು ಸುಲಭ ಅಲ್ಲ, ಅಲ್ವಾ?