ಕರಿ ಟೋಪಿಯ ದಾದಾ ಯಾರ ಕಡೆ?

1953ರ ಆಗಸ್ಟ್ 19ರಂದು ಇರಾನಿನ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರ ಸರ್ಕಾರ ಉರುಳಿತು. ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರರ ಕೈವಾಡ, ಸೇನೆಯ ಟ್ಯಾಂಕು, ಜೊತೆಗೆ ದಕ್ಷಿಣ ಟೆಹ್ರಾನಿನ ದಾದಾಗಳ ಗುಂಪು. ಈ ದಾದಾಗಳ ಪೈಕಿ ಜಾಸ್ತಿ ಕೇಳಿಬರುವ ಹೆಸರು ಶಾಬಾನ್ ಜಾಫರಿ. 'ಬುದ್ಧಿಯಿಲ್ಲದ ಶಾಬಾನ್' ಅಂತಲೇ ಜನ ಕರೆಯುತ್ತಿದ್ದರು. ಆದರೆ ಅವತ್ತು ಮಧ್ಯಾಹ್ನದವರೆಗೂ ತಾನು ಜೈಲಿನಲ್ಲೇ ಇದ್ದೆ ಅಂತ ಅವನೇ ಮುಂದೆ ಹೇಳಿಕೊಂಡ. ಫೆಬ್ರವರಿಯಲ್ಲಿ ಮೊಸಾದೆಗ್ ಮನೆಯ ಗೇಟಿಗೆ ಜೀಪು ನುಗ್ಗಿಸಿ ಸಿಕ್ಕಿಬಿದ್ದಿದ್ದ.

ಇಂಥವರು ಆ ದೇಶಕ್ಕೆ ಹೊಸಬರಲ್ಲ. ಇವರನ್ನು 'ಲೂತಿ' ಅನ್ನುತ್ತಿದ್ದರು. ನಮ್ಮ ಗರಡಿಮನೆಯಂಥ ಜುರ್ಖಾನೆಯಲ್ಲಿ ಮರದ ಗದೆ ತಿರುಗಿಸಿ ಮೈ ಬೆಳೆಸುವುದು, ಮೊಹರಂ ಮೆರವಣಿಗೆ ನಡೆಸುವುದು, ಕೇರಿಯ ಬಡವರಿಗೆ ನೆರವಾಗುವುದು. ಸುಲಿಗೆಯೂ ಇತ್ತು ಅನ್ನಿ. ಸಂವಿಧಾನಕ್ಕಾಗಿ ಹೋರಾಟ ನಡೆದಾಗ, 1908-09ರಲ್ಲಿ, ಆಗಿನ ಷಾನ (ಇರಾನಿನ ದೊರೆಗೆ ಷಾ ಅನ್ನುತ್ತಿದ್ದರು) ಸೇನೆಯ ಎದುರು ತಬ್ರೀಜ್ ನಗರವನ್ನು ಕಾದ ಸತ್ತಾರ್ ಖಾನ್ ಕೂಡ ಲೂತಿಯೇ. ಅದೇ ಊರಿನ ಬೇರೆ ಲೂತಿಗಳು ಷಾ ಪರ ಬಡಿದಾಡಿದರು.

ಈ ಎರಡೂ ಕಡೆ ಒಬ್ಬನಲ್ಲೇ ಕಾಣಬೇಕಾದರೆ ತೈಯಬ್ ಹಾಜ್ ರೆಜಾಯಿಯನ್ನು ನೋಡಬೇಕು. ಟೆಹ್ರಾನಿನ ಹಣ್ಣು-ತರಕಾರಿ ಮಂಡಿಯಲ್ಲಿ ಇವನದೇ ದರ್ಬಾರು. 1953ರಲ್ಲಿ ಮೊಸಾದೆಗ್ ವಿರುದ್ಧ, ಆ ಕಾಲದ ಷಾ ಪರ ಬೀದಿಗಿಳಿದವನು. ಹತ್ತು ವರ್ಷಕ್ಕೆ ಕಥೆ ಉಲ್ಟಾ. 1963ರ ಜೂನಿನಲ್ಲಿ, ಷಾನನ್ನು ವಿರೋಧಿಸುತ್ತಿದ್ದ ಧರ್ಮಗುರು ಖೊಮೇನಿಯನ್ನು ಬಂಧಿಸಿದಾಗ ಗಲಭೆಯೆದ್ದಿತು, ತೈಯಬ್ ಸಿಕ್ಕಿಬಿದ್ದ. ಖೊಮೇನಿ ದುಡ್ಡು ಕೊಟ್ಟರು ಅಂತ ಹೇಳಿದ್ದರೆ ಬದುಕುತ್ತಿದ್ದ, ಹೇಳಲಿಲ್ಲ ಅನ್ನುವುದು ಜನರ ಮಾತು. ನವೆಂಬರಿನಲ್ಲಿ ಗುಂಡಿಟ್ಟು ಕೊಂದರು.

ಇರಾನಿನ ಸಿನಿಮಾಕ್ಕೆ ಈ ರಾಜಕೀಯ ಬೇಕಿರಲಿಲ್ಲ. ಷಾ ಕಾಲದ ಸೆನ್ಸಾರ್ ಅದನ್ನು ಬಿಡುತ್ತಲೂ ಇರಲಿಲ್ಲ. ಅದಕ್ಕೆ ಬೇಕಾಗಿದ್ದು ಲೂತಿಯ ಕರಿ ಟೋಪಿ, ಚಾಕು, ಮರ್ಯಾದೆ. ನಿರ್ದೇಶಕ ಮಸೂದ್ ಕಿಮಿಯಾಯಿಯ 'ಕೈಸರ್' 1969ರಲ್ಲಿ ಬಂತು. ತಂಗಿಯ ಮಾನಕ್ಕೂ ಅಣ್ಣನ ಸಾವಿಗೂ ಸೇಡು ತೀರಿಸುವ ನಾಯಕನಾಗಿ ಬೆಹ್ರೂಜ್ ವೊಸೂಗಿ. ಸ್ನಾನಗೃಹದಲ್ಲೊಂದು ಕೊಲೆ, ಕಸಾಯಿಖಾನೆಯಲ್ಲಿ ಇನ್ನೊಂದು. ಅವನು ಪೊಲೀಸರನ್ನು ನಂಬುವುದೇ ಇಲ್ಲ. ರಾಜಕೀಯದ ಒಂದು ಮಾತೂ ಆಡದೆ ಸಿನಿಮಾ ಷಾನ ಕಾನೂನಿಗೆ ಬೆನ್ನು ತಿರುಗಿಸಿದ್ದು ಹೀಗೆ ಅಂತ ನನಗನ್ನಿಸುತ್ತದೆ. ಆದರೆ ದಾದಾನಿಗೆ ದುಡ್ಡು ಕೊಡುವವರು ಯಾರು ಅನ್ನುವ ಪ್ರಶ್ನೆ ಮಾತ್ರ ತೆರೆಯ ಹೊರಗೇ ಉಳಿಯಿತು.

1979ರ ಕ್ರಾಂತಿಯಲ್ಲಿ ಷಾ ಉರುಳಿ ಖೊಮೇನಿ ಕಡೆಯವರು ಗೆದ್ದ ನಂತರ ತೈಯಬ್ ಹುತಾತ್ಮ ಅನ್ನಿಸಿಕೊಂಡ. ಶಾಬಾನ್ ದೇಶ ಬಿಟ್ಟ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತ್ತದ್ದೂ ಆಗಸ್ಟ್ 19ರಂದೇ. ಕರಿ ಟೋಪಿಯ ಪಾತ್ರಗಳಿಗೆ ಹೆಸರಾಗಿದ್ದ, 'ಕೈಸರ್'ನಲ್ಲಿ ಅಣ್ಣನಾಗಿದ್ದ ನಟ ನಾಸಿರ್ ಮಲೆಕ್ ಮೋತಿಯಿಗೆ ಹೊಸ ಆಡಳಿತ ದಶಕಗಟ್ಟಲೆ ನಟಿಸಲು ಬಿಡಲಿಲ್ಲ. 2018ರಲ್ಲಿ ಅವರು ತೀರಿಕೊಂಡಾಗ ಟೆಹ್ರಾನಿನಲ್ಲಿ ಸಾವಿರಾರು ಜನ ಸೇರಿದರು. ಸರ್ಕಾರಿ ಟಿವಿಯ ವಿರುದ್ಧ ಘೋಷಣೆ ಕೂಗಿದರು.